ಹಸಿವು ಕಟ್ಟಿದ ಪೇಟೆ

ಪರಸ್ಥಳಕ್ಕೆ ಹೋದವನು ಆ ಊರಿನ ಚರಿತ್ರೆಯನ್ನು ವಸ್ತುಸಂಗ್ರಹಾಲಯದಲ್ಲಿ ಹುಡುಕುವುದು ವಾಡಿಕೆ. ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದ ನನಗಂತೂ ಅದು ಬಿಟ್ಟರೂ ಬಿಡದ ಚಾಳಿ. ಆದರೆ ಮಗಳ ಮನೆಗೆಂದು ಚಳಿಗಾಲದಲ್ಲಿ ಟೋಕಿಯೊಗೆ ಹೋದ ನನಗೆ ಡಿಸೆಂಬರ್ 30ರ ಬೆಳಿಗ್ಗೆ ಗೊತ್ತಾದ ಸಂಗತಿಯೆಂದರೆ, ವರ್ಷ ಮುಗಿಯುವ ಆ ನಾಲ್ಕಾರು ದಿನ ಅಲ್ಲಿಯ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿಕೊಂಡಿರುತ್ತವೆ ಎಂಬುದು. 1873ರಲ್ಲಿ ಜಪಾನೀಯರು ಹಳೆಯ ಪಂಚಾಂಗವನ್ನು ಬಿಟ್ಟು ಪಾಶ್ಚಾತ್ಯರ ಪಂಚಾಂಗವನ್ನು ಹಿಡಿದಾಗ, ತಮ್ಮ ಹೊಸ ವರ್ಷದ ಹಬ್ಬವನ್ನೂ ಅದರ ಜೊತೆಗೆ ಜನವರಿ ಒಂದಕ್ಕೆ ತಂದು ಕೂರಿಸಿದರು. ನಮ್ಮ ಯುಗಾದಿಯೂ ದೀಪಾವಳಿಯೂ ಒಂದೇ ದಿನ ಬಂದರೆ ಎಷ್ಟು ಸಡಗರವೋ ಅಷ್ಟು ಸಡಗರದ ಹಬ್ಬ ಅದು.

“ಮ್ಯೂಸಿಯಂ ಇಲ್ಲದಿದ್ದರೇನಂತೆ ಅಪ್ಪ, ಪೇಟೆ ಇದೆಯಲ್ಲ. ಹಬ್ಬದ ಸಾಮಾನು ತರಬೇಕು. ನೀವು ಚೀಲ ಹಿಡಿದುಕೊಳ್ಳಿ” ಎಂದಳು ಮಗಳು.

ಹೀಗೆ ಚೀಲ ಹಿಡಿದುಕೊಂಡು ಹೊರಟವನು ಸಂಜೆ ಮರಳಿದಾಗ, ಚೀಲದಲ್ಲಿದ್ದುದಕ್ಕಿಂತ ಭಾರವಾದ ಒಂದು ನೆನಪನ್ನೂ ಹೊತ್ತು ತಂದಿದ್ದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮಗಳ ಮನೆ ಇರುವುದು ಎಡೊಗಾವಾ ಎಂಬ ಭಾಗದ ನಿಶಿಕಸಾಯಿಯಲ್ಲಿ. ಅಲ್ಲಿ ಭಾರತೀಯರ ಸಂಸಾರಗಳು ಬಹಳ. ಅಲ್ಲಿಂದ ನೆಲದಡಿಯ ರೈಲು ಹಿಡಿದರೆ ಬಂಡಿ ಬದಲಿಸದೆ ನಿಹೊನ್‌ಬಾಶಿ ತಲುಪಬಹುದು. ಮೆಟ್ಟಿಲು ಹತ್ತಿ ಹೊರಗೆ ಬಂದಾಗ ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು. ಟೋಕಿಯೊದ ಚಳಿಗಾಲ ಒಣ ಚಳಿಗಾಲ. ಬಿಸಿಲು ಕಣ್ಣಿಗೆ ಮಾತ್ರ, ಮೈಗಲ್ಲ. ಕುಂದಾಪುರದ ಕಡೆಯವನಾದ ನಾನು, ಹುಟ್ಟಿದಾರಭ್ಯ ಬೆವರನ್ನೇ ಕಂಡವನು, ಅಳಿಯನ ಉಣ್ಣೆಯ ಕೋಟಿನೊಳಗೆ ಎರಡು ಅಂಗಿ ತೊಟ್ಟೂ ನಡುಗುತ್ತಿದ್ದೆ.

ನಿಹೊನ್‌ಬಾಶಿ ಎಂದರೆ ‘ಜಪಾನಿನ ಸೇತುವೆ’. ತೊಕುಗಾವಾ ಮನೆತನದವರು ಎಡೊ ಪಟ್ಟಣವನ್ನು, ಎಂದರೆ ಇಂದಿನ ಟೋಕಿಯೊವನ್ನು, ತಮ್ಮ ಆಳ್ವಿಕೆಯ ಕೇಂದ್ರವಾಗಿ ಮಾಡಿಕೊಂಡ 1603ರಲ್ಲಿ ಇಲ್ಲಿ ಮೊದಲ ಮರದ ಸೇತುವೆ ಎದ್ದಿತು. ದೇಶದ ಐದು ಹೆದ್ದಾರಿಗಳು ಹೊರಡುತ್ತಿದ್ದುದು ಇಲ್ಲಿಂದ. ದೂರವನ್ನು ಅಳೆಯುತ್ತಿದ್ದುದೂ ಇಲ್ಲಿಂದಲೇ. ಈಗ ಇರುವ ಕಲ್ಲಿನ ಸೇತುವೆ 1911ರದು. ಅದರ ನೆತ್ತಿಯ ಮೇಲೆ, 1964ರ ಒಲಿಂಪಿಕ್ ಕ್ರೀಡೆಗಾಗಿ ಅವಸರದಿಂದ ಕಟ್ಟಿದ ಮೋಟಾರು ರಸ್ತೆಯೊಂದು ಹಾದುಹೋಗಿ, ಪಾಪ, ಸೇತುವೆಗೆ ಆಕಾಶವೇ ಕಾಣದಂತಾಗಿದೆ. ತಪ್ಪನ್ನು ತಿದ್ದಿಕೊಳ್ಳಲು ಆ ರಸ್ತೆಯನ್ನು ನೆಲದಡಿಗೆ ಇಳಿಸುವ ಕೆಲಸ ಈಗ ನಡೆದಿದೆ.

ಕಡಲ ಕರೆಯವನ ಮೂಗಿಗೆ ಮೀನಿನ ವಾಸನೆ ಬೇಗ ಹತ್ತುತ್ತದೆ. ಇಲ್ಲಿ ಹತ್ತಲಿಲ್ಲ. ಆದರೆ ಮುನ್ನೂರು ವರ್ಷ ಈ ಸೇತುವೆಯ ದಡವೇ ಎಡೊ ಪಟ್ಟಣದ ಮೀನು ಪೇಟೆಯಾಗಿತ್ತು. 1923ರ ಸೆಪ್ಟೆಂಬರ್ 1ರ ಭೂಕಂಪವೂ ಅದರ ಬೆನ್ನಿಗೆ ಎದ್ದ ಬೆಂಕಿಯೂ ಅದನ್ನು ಅಳಿಸಿಹಾಕಿದವು. ಪೇಟೆ ತ್ಸುಕಿಜಿಗೆ ಹೋಯಿತು. 2018ರಲ್ಲಿ ಅಲ್ಲಿಂದಲೂ ಎದ್ದು ತೊಯೊಸುಗೆ ಹೋಯಿತು. ಊರು ದೊಡ್ಡದಾದಂತೆಲ್ಲ ಮೀನು ದೂರವಾಗುವುದು ಎಲ್ಲ ಕಡೆಯ ನಿಯಮವೇನೋ.

ಸೇತುವೆಯಿಂದ ನಾಲ್ಕು ಹೆಜ್ಜೆ ನಡೆದರೆ ಮಿತ್ಸುಕೋಶಿ ಎಂಬ ಮಹಾ ಮಳಿಗೆ. ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳು ಕುಳಿತಿವೆ. ಒಳಗೆ ಹೋಗಿ ನನ್ನ ಮನೆಯವಳಿಗೆಂದು ಒಂದು ಫುರೋಶಿಕಿಯನ್ನು ಆರಿಸಿದೆ. ಫುರೋಶಿಕಿ ಎಂದರೆ ಗಂಟು ಕಟ್ಟುವ ಚೌಕ ಬಟ್ಟೆ. ನಮ್ಮ ಅಜ್ಜಿಯಂದಿರು ಬಟ್ಟೆಯಲ್ಲಿ ವೀಳ್ಯದೆಲೆ ಕಟ್ಟಿಕೊಂಡು ಹೋಗುತ್ತಿದ್ದರಲ್ಲ, ಅದರ ನಾಜೂಕಾದ ಅಕ್ಕ. ಬೆಲೆಯ ಚೀಟಿ ನೋಡಿ ಗಾಬರಿಯಾಯಿತು. “ಸ್ವಲ್ಪ ಕಡಿಮೆ ಮಾಡಿ ಎಂದು ಕೇಳು” ಎಂದೆ ಮಗಳಿಗೆ. ಅವಳು ನನ್ನ ಮೊಣಕೈ ಚಿವುಟಿದಳು. ಅಂಗಡಿಯ ಹುಡುಗಿ ಭಾಷೆ ತಿಳಿಯದೆಯೂ ಎಲ್ಲವನ್ನೂ ತಿಳಿದವಳಂತೆ ತಲೆಬಾಗಿ ನಕ್ಕಳು.

ಚೌಕಾಸಿ ಮಾಡಬಾರದೆಂಬ ಈ ಪದ್ಧತಿ ಹುಟ್ಟಿದ್ದೇ ಇಲ್ಲಿ ಎಂಬುದು ನೆನಪಾಗಿ ನನಗೆ ನಾಚಿಕೆಯಾಯಿತು. ಇಸೆ ಸೀಮೆಯ ಮತ್ಸುಸಾಕಾದಿಂದ ಬಂದ ಮಿತ್ಸುಯಿ ತಕಾತೋಶಿ ಎಂಬ ವರ್ತಕ 1673ರಲ್ಲಿ ಎಡೊ ಪಟ್ಟಣದಲ್ಲಿ ಎಚಿಗೊಯಾ ಎಂಬ ಬಟ್ಟೆ ಅಂಗಡಿ ತೆರೆದ. ಅಲ್ಲಿಯವರೆಗೆ ಒಳ್ಳೆಯ ರೇಶಿಮೆ ಬೇಕಾದರೆ ವರ್ತಕನೇ ಥಾನುಗಳನ್ನು ಹೊರಿಸಿಕೊಂಡು ದೊಡ್ಡವರ ಮನೆಗೆ ಹೋಗುವುದು, ಕೊಂಡವರು ವರ್ಷಕ್ಕೆ ಒಂದೋ ಎರಡೋ ಸಲ ಲೆಕ್ಕ ತೀರಿಸುವುದು ರೂಢಿ. ಸಾಲಕ್ಕೆ ಕೊಟ್ಟ ಬಟ್ಟೆಯ ಬೆಲೆಯಲ್ಲಿ ಬಡ್ಡಿಯೂ ಸೇರುತ್ತಿತ್ತು, ಮುಳುಗಿಹೋಗಬಹುದಾದ ಸಾಲದ ಭಯವೂ ಸೇರುತ್ತಿತ್ತು. ಮಿತ್ಸುಯಿ ಈ ಎರಡನ್ನೂ ಕಿತ್ತುಹಾಕಿದ. ಅಂಗಡಿಗೆ ಬನ್ನಿ, ನಗದು ಕೊಡಿ, ಎಲ್ಲರಿಗೂ ಒಂದೇ ಬೆಲೆ. ಇಡೀ ಥಾನು ಬೇಡದವನಿಗೆ ಬೇಕಾದಷ್ಟೇ ಕತ್ತರಿಸಿ ಕೊಡುವುದಕ್ಕೂ ಅವನು ಸಿದ್ಧನಾದ. ಒಡೆಯರ ಮನೆಯವರು ಮಾತ್ರ ಉಡುತ್ತಿದ್ದ ಬಟ್ಟೆಯ ಒಂದು ಮೊಳವಾದರೂ ಬಡಗಿಯ ಹೆಂಡತಿಗೂ ಸಿಕ್ಕುವಂತಾಯಿತು. ಮಳೆ ಬಂದ ದಿನ ಗಿರಾಕಿಗಳಿಗೆ ಅಂಗಡಿಯ ಗುರುತು ಬರೆದ ಕೊಡೆ ಕೊಟ್ಟು ಕಳುಹಿಸುತ್ತಿದ್ದರಂತೆ. ಉಪಕಾರಕ್ಕೆ ಉಪಕಾರವೂ ಆಯಿತು, ಊರೆಲ್ಲ ಅಂಗಡಿಯ ಹೆಸರೂ ಓಡಾಡಿತು. ಆ ಎಚಿಗೊಯಾವೇ 1904ರಲ್ಲಿ ಮಿತ್ಸುಕೋಶಿ ಎಂಬ ಹೆಸರಿನಲ್ಲಿ ಎಲ್ಲ ಸರಕೂ ಒಂದೇ ಸೂರಿನಡಿ ಸಿಗುವ ಮಳಿಗೆಯಾಗುವೆನೆಂದು ಸಾರಿಕೊಂಡಿತು.

ಒಂದೇ ಬೆಲೆ ಎಂಬುದು ವ್ಯಾಪಾರದ ಜಾಣತನ ಮಾತ್ರವಲ್ಲ, ಅದರಲ್ಲಿ ಒಂದು ನ್ಯಾಯವೂ ಇದೆ. ಮಾತು ಬಲ್ಲವನಿಗೆ ಒಂದು ಬೆಲೆ, ಬಾಯಿಲ್ಲದವನಿಗೆ ಒಂದು ಬೆಲೆ ಎಂಬುದು ಅಲ್ಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಸಂಜೆಯ ಹೊತ್ತಿಗೆ ಇನ್ನೊಂದು ಪೇಟೆಯಲ್ಲಿ ನನಗೆ ಇದು ಮತ್ತೆ ಎದುರಾಗುವುದಿದೆ.

ಅಲ್ಲಿಂದ ನೇರ ಹಾದಿಯಲ್ಲಿ ನಡೆದು ಗಿಂಜಾ ಸೇರಿದೆವು. 1612ರಲ್ಲಿ ಬೆಳ್ಳಿಯ ನಾಣ್ಯದ ಟಂಕಸಾಲೆ ಇಲ್ಲಿಗೆ ಬಂದುದರಿಂದ ಆ ಹೆಸರು. ಅಲ್ಲಿ ಕಿಮುರಾಯಾ ಎಂಬ ಬೇಕರಿಯ ಮುಂದೆ ಹತ್ತು ನಿಮಿಷ ಸಾಲಿನಲ್ಲಿ ನಿಂತು ತಿಂದದ್ದು ಅನ್‌ಪಾನ್ ಎಂಬ ಬನ್ನು. ಒಳಗೆ ಕೆಂಪು ಅವರೆಯ ಜಾತಿಯ ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಅರೆದ ಹೂರಣ. ನಡುವೆ ಉಪ್ಪು ಹಾಕಿದ ಚೆರ್ರಿ ಹೂವು. ಕಣ್ಣು ಮುಚ್ಚಿ ತಿಂದರೆ ಹೋಳಿಗೆಯ ಹೂರಣವನ್ನು ಯಾರೋ ಬನ್ನಿನಲ್ಲಿ ಬಚ್ಚಿಟ್ಟಿದ್ದಾರೆನ್ನಬೇಕು.

ಈ ಬನ್ನಿನ ಹಿಂದೆಯೂ ಕೆಲಸ ಹೋದವನೊಬ್ಬನ ಕತೆಯಿದೆ. 1868ರಲ್ಲಿ ತೊಕುಗಾವಾ ಆಳ್ವಿಕೆ ಮುರಿದು ಬಿದ್ದಾಗ ಕತ್ತಿ ಹಿಡಿದೇ ಬದುಕಿದ್ದ ಸಾಮುರಾಯಿಗಳು ಒಮ್ಮೆಲೇ ಬೀದಿಗೆ ಬಂದರು. ಕಿಮುರಾ ಯಾಸುಬೆ ಅಂಥವರಲ್ಲಿ ಒಬ್ಬ. 1869ರಲ್ಲಿ ಆತ ರೊಟ್ಟಿ ಸುಡುವ ಅಂಗಡಿ ಇಟ್ಟ. ಅನ್ನ ತಿನ್ನುವ ಜನ ಪರಂಗಿಯವರ ಹುಳಿ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. ಆಗ ಆತ, ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಹುದುಗನ್ನೇ ಹಿಟ್ಟಿಗೆ ಹಾಕಿ, ಹಬ್ಬದ ಸಿಹಿಯ ಹೂರಣವನ್ನು ಒಳಗಿಟ್ಟು, 1874ರಲ್ಲಿ ಈ ಬನ್ನನ್ನು ಮಾಡಿದ. ಮರುವರ್ಷ ಏಪ್ರಿಲ್ 4ರಂದು ಅದು ಮೇಜಿ ಚಕ್ರವರ್ತಿಯ ಮುಂದೆ ಹೋಯಿತು. ಚೆರ್ರಿ ಹೂವಿಟ್ಟದ್ದು ಆಗಲೇ. ಪರದೇಶದ ತಿನಿಸು ಊರಿನ ನಾಲಗೆಗೆ ಒಗ್ಗಬೇಕಾದರೆ ಊರಿನ ಹುದುಗೇ ಬೇಕು ಎಂದು ಆತ ಕಂಡುಕೊಂಡಿದ್ದ.

ಮಧ್ಯಾಹ್ನದ ಊಟವನ್ನು ಮಾತ್ರ ನಾನೇ ನಿಶ್ಚಯಿಸಿದ್ದೆ. ಶಿಂಜುಕು ನಿಲ್ದಾಣದ ಪಕ್ಕದ ನಕಮುರಾಯಾದಲ್ಲಿ ಕೋಳಿಯ ಕರಿ ಮತ್ತು ಅನ್ನ. ಕುಂದಾಪುರದ ಕೋಳಿ ಸಾರು ಉಂಡು ಬೆಳೆದವನು ಜಪಾನಿಗೆ ಹೋಗಿ ಕೋಳಿ ಸಾರು ಹುಡುಕುವುದೇ ಎಂದು ಮಗಳು ನಕ್ಕಳು. ಆದರೆ ನಾನು ಹುಡುಕಿದ್ದು ಸಾರನ್ನಲ್ಲ, ಅದನ್ನು ಮಾಡಿಸಿದವನನ್ನು.

ರಾಶ್ ಬಿಹಾರಿ ಬೋಸರ ಹೆಸರನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆ! 1912ರ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ಆನೆಯ ಮೇಲೆ ಮೆರವಣಿಗೆ ಹೊರಟ ವೈಸರಾಯ್ ಹಾರ್ಡಿಂಜ್‌ನ ಮೇಲೆ ಬಾಂಬು ಬಿದ್ದ ಪ್ರಕರಣದ ಸೂತ್ರಧಾರಿ. 1915ರ ಬಂಡಾಯದ ಸಂಚು ಒಡೆದ ಮೇಲೆ ಕವಿ ಟಾಗೋರರ ನಂಟ ಪಿ. ಎನ್. ಟಾಗೋರ್ ಎಂದು ಹೇಳಿಕೊಂಡು ಜಪಾನಿಗೆ ಪಾರಾದವರು. ಬ್ರಿಟಿಷರ ಒತ್ತಾಯಕ್ಕೆ ಮಣಿದ ಜಪಾನ್ ಸರಕಾರ ಡಿಸೆಂಬರ್ 2ರೊಳಗೆ ದೇಶ ಬಿಡಬೇಕೆಂದು ಅವರಿಗೆ ಆಜ್ಞೆ ಮಾಡಿತು. ಹೊರಟರೆ ದಾರಿಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ನೇಣು. ಹಿಂದಿನ ರಾತ್ರಿ, ತೊಯಾಮಾ ಮಿತ್ಸುರು ಎಂಬ ಪ್ರಭಾವಶಾಲಿಯ ನೆರವಿನಿಂದ, ಅವರು ಮಾಯವಾದರು. ಅಡಗಿದ್ದು ಈ ನಕಮುರಾಯಾ ಎಂಬ ರೊಟ್ಟಿ ಅಂಗಡಿಯ ಹಿತ್ತಿಲ ಚಿತ್ರಶಾಲೆಯಲ್ಲಿ. ಅಂಗಡಿಯ ಯಜಮಾನ ಸೋಮಾ ಐಜೋ, ಅವನ ಹೆಂಡತಿ ಕೊಕ್ಕೊ. ಗುರುತು ಪರಿಚಯವಿಲ್ಲದ ಪರದೇಶಿಯನ್ನು, ಸರಕಾರದ ಆಜ್ಞೆ ಮೀರಿ, ಚಳಿಗಾಲದ ನಾಲ್ಕು ತಿಂಗಳು ಅವರು ಬಚ್ಚಿಟ್ಟು ಅನ್ನ ಹಾಕಿದರು. ಮರುವರ್ಷ ಆಜ್ಞೆ ರದ್ದಾಯಿತು. 1918ರಲ್ಲಿ ಸೋಮಾ ದಂಪತಿಗಳ ಹಿರಿಯ ಮಗಳು ತೋಶಿಕೊ ಬೋಸರ ಕೈ ಹಿಡಿದಳು. ಇಬ್ಬರು ಮಕ್ಕಳಾದ ಮೇಲೆ 1925ರಲ್ಲಿ ಆಕೆ ತೀರಿಕೊಂಡಳು.

1927ರಲ್ಲಿ ಅಂಗಡಿಯವರು ಊಟದ ಮನೆಯನ್ನೂ ತೆರೆದಾಗ ಅಳಿಯ ಹೇಳಿಕೊಟ್ಟ ಅಡಿಗೆಯೇ ಈ ಕರಿ. ಅದಕ್ಕೆ ಮೊದಲು ಜಪಾನಿನಲ್ಲಿ ಕರಿ ಇರಲಿಲ್ಲವೆಂದಲ್ಲ. 1872ರಷ್ಟು ಹಿಂದೆಯೇ ಅದರ ಪಾಕ ಅಲ್ಲಿಯ ಪುಸ್ತಕಗಳಲ್ಲಿ ಅಚ್ಚಾಗಿತ್ತು. ಆದರೆ ಪಾಶ್ಚಾತ್ಯ ಅಡಿಗೆಯೆಂದು! ಬಂದದ್ದು ಇಂಗ್ಲಿಷರ ಕೈಯಿಂದ ತಾನೆ? ಗೋದಿ ಹಿಟ್ಟು ಹಾಕಿ ಗಂಜಿಯಂತೆ ಮಂದ ಮಾಡಿದ ಆ ಹಳದಿ ಸಾರನ್ನು ಕಂಡಾಗ, ಇಂಗ್ಲಿಷರನ್ನು ದೇಶದಿಂದ ಓಡಿಸಬೇಕೆಂದು ಹೊರಟವನಿಗೆ ತನ್ನ ಅಡಿಗೆಮನೆಗೂ ಅವರು ನುಗ್ಗಿದ್ದಾರೆಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಬೇರೆ ಕಡೆ ಹತ್ತು ಹನ್ನೆರಡು ಸೆನ್ನಿಗೆ ಸಿಗುತ್ತಿದ್ದ ಕರಿಗೆ ಇಲ್ಲಿ ಎಂಬತ್ತು ಸೆನ್ ಇಟ್ಟರೂ ಜನ ಬಂದು ತಿಂದರು.

ತಟ್ಟೆಯಲ್ಲಿ ಅನ್ನ ಬೇರೆ, ಬೋಗುಣಿಯಲ್ಲಿ ಸಾರು ಬೇರೆ ಬಂದಿತು. ಮೂಳೆ ಸಮೇತ ಕೋಳಿಯ ತುಂಡುಗಳು. ಖಾರ ನಮ್ಮದರ ಕಾಲು ಪಾಲು, ತೆಂಗಿನಕಾಯಿ ಇಲ್ಲ. ಆದರೂ ಉಣ್ಣುತ್ತಿದ್ದಂತೆ ಗಂಟಲು ಕಟ್ಟಿತು. ಬೋಸರು ಮತ್ತೆ ಭಾರತವನ್ನು ನೋಡಲಿಲ್ಲ. 1943ರಲ್ಲಿ ಸಿಂಗಾಪುರದಲ್ಲಿ ಸುಭಾಷರ ಕೈಗೆ ಹೋರಾಟವನ್ನು ಒಪ್ಪಿಸಿ, 1945ರ ಜನವರಿ 21ರಂದು, ಇದೇ ಊರಿನ ಇಂಥದೇ ಚಳಿಗಾಲದಲ್ಲಿ, ಕಣ್ಣು ಮುಚ್ಚಿದರು. ಸ್ವಾತಂತ್ರ್ಯ ಬಂದುದನ್ನೂ ಕಾಣಲಿಲ್ಲ. ಉಳಿದದ್ದು ಈ ಒಂದು ಬೋಗುಣಿ ಸಾರು.

“ಸರಕಾರದ ಆಜ್ಞೆ ಮೀರಿ ಬಚ್ಚಿಟ್ಟದ್ದು ಸರಿಯೇ ಅಪ್ಪ?” ಎಂದು ಮಗಳು ಕೇಳಿದಳು. ಚರಿತ್ರೆಯ ಮೇಷ್ಟರಿಗೆ ಉತ್ತರ ಸುಲಭವಾಗಿತ್ತು. “ಸರಿ” ಎಂದೆ. ಅಷ್ಟು ಸುಲಭವಲ್ಲದ ಪ್ರಶ್ನೆ ಉಯೆನೊದಲ್ಲಿ ಕಾದಿತ್ತು.

ಉಯೆನೊ ನಿಲ್ದಾಣದಿಂದ ಒಕಾಚಿಮಾಚಿ ನಿಲ್ದಾಣದವರೆಗೆ ರೈಲಿನ ಕಟ್ಟೆಯ ಬುಡದಲ್ಲಿ ಉದ್ದಕ್ಕೆ ಹಬ್ಬಿದ ಸಂತೆಗೆ ಅಮೆಯೊಕೊ ಎಂದು ಹೆಸರು. ನಾವು ತಲುಪಿದಾಗ ಸಂಜೆ ನಾಲ್ಕಾಗಿತ್ತು. ಬಿಸಿಲು ಆಗಲೇ ಇಳಿದಿತ್ತು. ಹಬ್ಬದ ಹಿಂದಿನ ಜನಜಂಗುಳಿ. ಹೆಜ್ಜೆ ಇಡುವುದಲ್ಲ, ಜನರೇ ನಮ್ಮನ್ನು ಒಯ್ಯುತ್ತಾರೆ. ತಲೆಯ ಮೇಲೆ ರೈಲಿನ ಸದ್ದು. ಕೆಳಗೆ ಹಲಗೆಯ ಮೇಲೆ ಏಡಿಗಳು, ಕೆಂಪು ಟ್ಯೂನಾ ಮೀನಿನ ತುಂಡುಗಳು, ಉಪ್ಪು ಹಾಕಿದ ಇಡಿಯ ಸಾಲ್ಮನ್, ಹೆರ್ರಿಂಗ್ ಮೀನಿನ ಹಳದಿ ಮೊಟ್ಟೆಗಟ್ಟು. ಮಾರುವವರು ಗಂಟಲು ಬಿರಿಯುವಂತೆ ಬೆಲೆ ಕೂಗುತ್ತಿದ್ದರು; ಕತ್ತಲಾದಂತೆ ಬೆಲೆ ಇಳಿಯುತ್ತಿತ್ತು. ಬೆಳಗಿನಿಂದ ಮೆಲುದನಿಯನ್ನೇ ಕೇಳಿ ಬೇಸತ್ತಿದ್ದ ನನಗೆ ಗಂಗೊಳ್ಳಿಯ ಬಂದರಿಗೆ ಬಂದಷ್ಟು ಸಂತೋಷವಾಯಿತು. ಬಂಗುಡೆಯ ಕಿವಿರು ಎತ್ತಿ ನೋಡಿದೆ; ಮೀನುಗಾರ ನನ್ನ ಕೈಚಳಕ ನೋಡಿ ಮೆಚ್ಚಿದ. ಒಣಗಿಸಿದ ಅಣಬೆಯ ಅಂಗಡಿಯಲ್ಲಿ ಬೆರಳಿನ ಭಾಷೆಯಲ್ಲೇ ಚೌಕಾಸಿ ಮಾಡಿದೆ. ಮುದುಕ ಬೆಲೆ ಇಳಿಸಿದ್ದಲ್ಲದೆ ಇನ್ನೊಂದು ಹಿಡಿ ಅಣಬೆಯನ್ನು ಪೊಟ್ಟಣಕ್ಕೆ ಸುರಿದ. ಕೊಸರು! ನಾಲ್ಕು ಸಾವಿರ ಮೈಲಿ ದಾಟಿ ಬಂದರೂ ಕೊಸರು ಸಿಕ್ಕಿದ ಪೇಟೆ ನನ್ನ ಪೇಟೆಯೇ ಅಲ್ಲವೇ?

ಆದರೆ ಈ ಪೇಟೆ ಹುಟ್ಟಿದ್ದು ಸಂತೋಷದಿಂದಲ್ಲ.

1945ರ ಮಾರ್ಚ್ 10ರ ಒಂದೇ ರಾತ್ರಿ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಗೆ ಟೋಕಿಯೊದ ಪೂರ್ವ ಭಾಗದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಆಗಸ್ಟ್‌ನಲ್ಲಿ ಯುದ್ಧ ಮುಗಿಯಿತು, ಹಸಿವು ಮುಗಿಯಲಿಲ್ಲ. ಆ ವರ್ಷದ ಬತ್ತದ ಬೆಳೆ ದಶಕಗಳಲ್ಲೇ ಕಾಣದಷ್ಟು ಕೆಟ್ಟಿತು. 1942ರ ಆಹಾರ ನಿಯಂತ್ರಣ ಕಾಯಿದೆಯ ಪ್ರಕಾರ ಅಕ್ಕಿಯನ್ನು ಸರಕಾರವೇ ಕೊಂಡು ಸರಕಾರವೇ ಹಂಚಬೇಕು. ವಯಸ್ಕನಿಗೆ ದಿನಕ್ಕೆ ಗೊತ್ತುಮಾಡಿದ್ದು ಸುಮಾರು 300 ಗ್ರಾಂ. ಅದೂ ದಿನಗಟ್ಟಲೆ ತಡವಾಗಿ ಬರುತ್ತಿತ್ತು, ಅಕ್ಕಿಯ ಬದಲು ಗೆಣಸೋ ಹಿಟ್ಟೋ ಬರುತ್ತಿತ್ತು. ಬೆಂದ ಊರಿನ ನಿಲ್ದಾಣಗಳ ಬಳಿ ಕಾಳಸಂತೆಗಳು ಎದ್ದವು. ಅಮೆಯೊಕೊ ಅವುಗಳಲ್ಲೊಂದು. ಸಕ್ಕರೆಯೇ ಕಾಣದ ಕಾಲದಲ್ಲಿ ಗೆಣಸಿನಿಂದ ಮಾಡಿದ ಮಿಠಾಯಿ ಇಲ್ಲಿ ಮಾರುತ್ತಿದ್ದರು. ‘ಅಮೆ’ ಎಂದರೆ ಮಿಠಾಯಿ. ಅದರಿಂದ ಬಂದ ಹೆಸರೆನ್ನುತ್ತಾರೆ. ಅಮೆರಿಕದ ಸೈನಿಕರ ಸಾಮಾನು ಇಲ್ಲಿ ಮಾರಾಟವಾದುದರಿಂದ ಬಂತೆಂದು ಹೇಳುವವರೂ ಇದ್ದಾರೆ.

ಜನ ತಮ್ಮ ಕಿಮೊನೊಗಳನ್ನು ಗಂಟು ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುವ ರೈಲಿಗೆ ಜೋತು ಬಿದ್ದು ಹೋಗಿ ರೈತರಿಂದ ಅಕ್ಕಿ ತರುತ್ತಿದ್ದರು. ಒಂದೊಂದೇ ಉಡುಪನ್ನು ಕಳಚಿ ಮಾರಿ ಬದುಕುವ ಆ ಬಾಳಿಗೆ ಅವರಿಟ್ಟ ಹೆಸರು ‘ಕಳಲೆ ಬಾಳು’. ಕಳಲೆಯನ್ನು, ಎಂದರೆ ಎಳೆ ಬಿದಿರನ್ನು, ಸುಲಿಯುವುದನ್ನು ನಮ್ಮ ಮಲೆನಾಡಿನವರು ಬಲ್ಲರು: ಸುತ್ತು ಸುತ್ತಾಗಿ ಸುಲಿಯುತ್ತ ಹೋದರೆ ಉಳಿಯುವುದು ಹಿಡಿಯಷ್ಟು. ಬೆಳಿಗ್ಗೆ ನಾನು ಕೊಂಡ ಬಟ್ಟೆಯಂಥದೇ ಒಂದರಲ್ಲಿ, ಮಿತ್ಸುಕೋಶಿಯಲ್ಲಿ ನಿಗದಿ ಬೆಲೆಗೆ ಕೊಂಡ ಎಷ್ಟು ಮದುವೆಯ ರೇಶಿಮೆಗಳು ಬೆಲೆಯೇ ಇಲ್ಲದಂತೆ ಒಂದೊಂದು ಚೀಲ ಅಕ್ಕಿಗೆ ಹೋಗಿರಬಹುದು!

ಇದೇ ಊರಿನ ಜಿಲ್ಲಾ ನ್ಯಾಯಾಲಯದಲ್ಲಿ ಯಾಮಾಗುಚಿ ಯೋಶಿತಾದಾ ಎಂಬ ನ್ಯಾಯಾಧೀಶರಿದ್ದರು. ಕಾಳಸಂತೆಯ ಮೊಕದ್ದಮೆಗಳನ್ನು ವಿಚಾರಿಸುವುದು ಅವರ ಕೆಲಸ. ಅಕ್ಕಿ ಕದ್ದು ತಂದವರು, ಅಕ್ಕಿ ಕದ್ದು ಕೊಂಡವರು ದಿನವೂ ಅವರ ಮುಂದೆ ನಿಲ್ಲುತ್ತಿದ್ದರು. ಅವರಿಗೆ ಶಿಕ್ಷೆ ವಿಧಿಸುವ ತಾನು ಕಾಳಸಂತೆಯ ಅಕ್ಕಿಯನ್ನು ಉಣ್ಣಲಾರೆ ಎಂದು ಆತ ಪಡಿತರದಲ್ಲೇ ಬದುಕಲು ನಿಶ್ಚಯಿಸಿದರು. ಬಂದುದರಲ್ಲಿ ಹೆಚ್ಚಿನ ಪಾಲನ್ನು ಇಬ್ಬರು ಮಕ್ಕಳಿಗೆ ಬಿಟ್ಟು, ತಾವು ನೀರಾದ ಗಂಜಿ ಕುಡಿದರು. 1947ರ ಆಗಸ್ಟ್‌ನಲ್ಲಿ ಕುಸಿದು ಬಿದ್ದರು. ಅಕ್ಟೋಬರ್ 11ರಂದು ತೀರಿಕೊಂಡರು. ವಯಸ್ಸು 33.

ಪತ್ರಿಕೆಗಳಲ್ಲಿ ಸುದ್ದಿ ಬಂದಾಗ ದೇಶವೇ ಬೆಚ್ಚಿತು. ಏಕೆಂದರೆ, ಆ ಕಾಲದಲ್ಲಿ ಬದುಕಿದ್ದ ಪ್ರತಿಯೊಬ್ಬನೂ ಕಾಯಿದೆ ಮುರಿದೇ ಬದುಕಿದ್ದ. ನ್ಯಾಯಾಧೀಶರ ಸಾವು ಅದನ್ನು ಎಲ್ಲರ ಮುಂದೆ ಇಟ್ಟುಬಿಟ್ಟಿತು. ಕಾಯಿದೆ ತಪ್ಪೆಂದೂ ಹೇಳುವಂತಿರಲಿಲ್ಲ. ಇದ್ದಷ್ಟು ಅಕ್ಕಿ ಎಲ್ಲರಿಗೂ ಒಂದೇ ಅಳತೆಯಲ್ಲಿ, ಒಂದೇ ಬೆಲೆಯಲ್ಲಿ ಸಿಗಬೇಕೆಂಬುದೇ ಅದರ ಉದ್ದೇಶ. ಎಚಿಗೊಯಾದ ನ್ಯಾಯವೇ ಅದು. ಹಸಿದವರು ತಪ್ಪೆಂದೂ ಹೇಳುವಂತಿರಲಿಲ್ಲ.

ಅಣಬೆಯ ಪೊಟ್ಟಣ ಹಿಡಿದು, ಕೊಸರು ಸಿಕ್ಕ ಸಂತೋಷದಲ್ಲಿ ಮಗಳಿಗೆ ಈ ಕತೆ ಹೇಳುತ್ತಿದ್ದವನು ನಡುವೆ ನಿಂತುಬಿಟ್ಟೆ. ಹೇಳುತ್ತಿದ್ದುದು ಯಾರ ಕತೆಯೆಂದು ನನಗೇ ಸಂದೇಹವಾಯಿತು.

1966. ನನಗೆ ಹತ್ತು ವರ್ಷ. ಎರಡು ವರ್ಷ ಸಾಲಾಗಿ ದೇಶದಲ್ಲಿ ಮಳೆ ಕೈಕೊಟ್ಟಿತ್ತು. ಅಮೆರಿಕದಿಂದ ಹಡಗಿನಲ್ಲಿ ಗೋದಿ ಬರುತ್ತಿತ್ತು. ಕುಚ್ಚಲಕ್ಕಿಯ ಗಂಜಿ ಉಣ್ಣುವ ನಮ್ಮ ಸೀಮೆಯಲ್ಲಿ ಆ ಗೋದಿಯನ್ನು ಏನು ಮಾಡಬೇಕೆಂದೇ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಅಕ್ಕಿಯ ಸಾಗಾಟಕ್ಕೆ ಸರಕಾರದ ಕಟ್ಟುಪಾಡಿತ್ತು. ರಾತ್ರಿ ಹೊತ್ತು ದೋಣಿಯಲ್ಲಿ ಮುಡಿ ಅಕ್ಕಿ ಹೊಳೆ ದಾಟುತ್ತದೆಂದು ಊರಿನಲ್ಲಿ ಪಿಸುಮಾತು. ಅಪ್ಪಯ್ಯ ಊರಿನ ಶಾಲೆಯ ಮುಖ್ಯೋಪಾಧ್ಯಾಯರು. ಪಡಿತರದ ಅಂಗಡಿಯಲ್ಲಿ ಅನ್ಯಾಯವಾಗದಂತೆ ನೋಡಿಕೊಳ್ಳಲು ಊರವರು ಅವರನ್ನೇ ಒಪ್ಪಿಸಿದ್ದರು. ಕಳ್ಳ ಅಕ್ಕಿ ನಮ್ಮ ಹೊಸಿಲು ದಾಟಬಾರದೆಂಬುದು ಅವರ ಮಾತು. ನಾವು ಐದು ಮಂದಿ ಮಕ್ಕಳು.

ಒಂದು ದಿನ ಬಚ್ಚಲಿನ ತಾಮ್ರದ ಹಂಡೆ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಮಣ್ಣಿನ ಮಡಕೆ. ಅಂದು ರಾತ್ರಿ ಗಂಜಿಯಲ್ಲಿ ಅಗುಳು ಹೆಚ್ಚಾಗಿತ್ತು. ಅಪ್ಪಯ್ಯ ಬಟ್ಟಲನ್ನು ನೋಡಿದರು. ಅಮ್ಮ ಒಲೆಯ ಕಡೆಗೆ ತಿರುಗಿ ಕುಳಿತಿದ್ದಳು. ಅಪ್ಪಯ್ಯ ಏನೂ ಕೇಳಲಿಲ್ಲ. ತಿಳಿಯನ್ನಷ್ಟೆ ಕುಡಿದು, ಅಗುಳನ್ನೆಲ್ಲ ಬಸಿದು ನನ್ನ ಮತ್ತು ತಮ್ಮನ ಬಟ್ಟಲಿಗೆ ಹಾಕಿದರು. “ಹೊಟ್ಟೆ ಸರಿಯಿಲ್ಲ” ಎಂದರು. ಮರುದಿನವೂ ಹೊಟ್ಟೆ ಸರಿಯಿರಲಿಲ್ಲ. ಆ ಅಕ್ಕಿ ಮುಗಿಯುವವರೆಗೂ ಸರಿಯಾಗಲಿಲ್ಲ. ಪಡಿತರದ ಅಕ್ಕಿ ಬಂದ ದಿನ ಗುಣವಾಯಿತು.

ಅಪ್ಪಯ್ಯ ಸಾಯಲಿಲ್ಲ, ತೊಂಬತ್ತರವರೆಗೆ ಬದುಕಿದರು. ಹಂಡೆಯ ವಿಷಯ ಅಮ್ಮನೊಡನೆ ಎಂದೂ ಎತ್ತಲಿಲ್ಲ. ಅಮ್ಮನೂ ಎತ್ತಲಿಲ್ಲ. ಅವರಿಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ನಾನು ಬದುಕಿ ಉಳಿದು ಚರಿತ್ರೆಯ ಪಾಠ ಹೇಳುವಂತಾದದ್ದು ಅಮ್ಮನ ತಪ್ಪಿನಿಂದ. ಹೇಳಲು ಬಾಯಿ ಬಂದದ್ದು ಅಪ್ಪಯ್ಯನ ಹಟದಿಂದ. ಮಧ್ಯಾಹ್ನ ಸೋಮಾ ದಂಪತಿಗಳ ವಿಷಯದಲ್ಲಿ ‘ಸರಿ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟವನು ಇಲ್ಲಿ ಮೂಕನಾದೆ. ಮಗಳೂ ಏನನ್ನೂ ಕೇಳದೆ ಭಾರದ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಗದ್ದಲ ಸಾಕೆನಿಸಿ ಎದುರಿನ ಉಯೆನೊ ಉದ್ಯಾನಕ್ಕೆ ಹೋದೆವು. ಅಲ್ಲಿ 1882ರಲ್ಲಿ ತೆರೆದ, ಜಪಾನಿನ ಮೊಟ್ಟಮೊದಲ ಮೃಗಾಲಯವಿದೆ. ಅದರ ಬಾಗಿಲೂ ಹಬ್ಬಕ್ಕೆ ಮುಚ್ಚಿತ್ತು. ಹೊರಗೆ ನಿಂತೇ ನೋಡಿದೆ. 1943ರಲ್ಲಿ, ಈ ಊರಿನ ಮೇಲೆ ದೊಡ್ಡ ಬಾಂಬು ದಾಳಿಗಳು ಆರಂಭವಾಗುವುದಕ್ಕೆ ಒಂದು ವರ್ಷ ಮೊದಲೇ, ಅಪಾಯದ ಪ್ರಾಣಿಗಳನ್ನೆಲ್ಲ ಕೊಲ್ಲಬೇಕೆಂದು ನಗರದ ಆಡಳಿತಾಧಿಕಾರಿ ಆಜ್ಞೆ ಮಾಡಿದ. ಮೂರು ಆನೆಗಳಿದ್ದವು. ವಿಷ ಹಾಕಿದ ಆಲೂಗೆಡ್ಡೆಯನ್ನು ಅವು ಮುಟ್ಟಲಿಲ್ಲ. ಕೊನೆಗೆ ಉಪವಾಸ ಕೆಡವಿದರು. ಯಾರಾದರೂ ಬಂದರೆ, ಕಲಿತ ಆಟವಾಡಿದರೆ ತಿನ್ನಲು ಸಿಗುತ್ತದೆಂದು, ಆ ಹಸಿದ ಆನೆಗಳು ಸೊಂಡಿಲೆತ್ತಿ ನಿಲ್ಲುತ್ತಿದ್ದುವಂತೆ. ಕೊನೆಯ ಆನೆ ಸೆಪ್ಟೆಂಬರ್ 23ರಂದು ಸತ್ತಿತು. ಸತ್ತ ಪ್ರಾಣಿಗಳಿಗೆ ಶ್ರದ್ಧಾಂಜಲಿಯ ಸಮಾರಂಭ ನಡೆದದ್ದು ಸೆಪ್ಟೆಂಬರ್ 4ರಂದು, ಎರಡು ಆನೆಗಳು ಇನ್ನೂ ಉಸಿರಾಡುತ್ತಿದ್ದಾಗ!

ಯುದ್ಧ ಮುಗಿದ ಮೇಲೆ ಆನೆಯನ್ನೇ ಕಾಣದ ಟೋಕಿಯೊದ ಮಕ್ಕಳು ಒಂದು ಆನೆ ಬೇಕೆಂದು ಜವಾಹರಲಾಲ್ ನೆಹರೂ ಅವರಿಗೆ ಬರೆದರು. ನೆಹರೂ ಕಳುಹಿಸಿದರು. 1949ರ ಸೆಪ್ಟೆಂಬರ್‌ನಲ್ಲಿ ಉಯೆನೊಗೆ ಬಂದ, ಮಗಳ ಹೆಸರನ್ನೇ ಇಟ್ಟು ಅವರು ಕಳುಹಿಸಿದ ‘ಇಂದಿರಾ’ ನಮ್ಮ ಮೈಸೂರು ಸೀಮೆಯ ಆನೆ. ಕಾಳಸಂತೆಯ ಊರಿನಲ್ಲಿ, ಬೆಲೆಯಿಲ್ಲದೆ ಬಂದ ಒಂದೇ ಒಂದು ದೊಡ್ಡ ವಸ್ತು! 1957ರಲ್ಲಿ ಜಪಾನಿಗೆ ಹೋದ ನೆಹರೂ ಅದನ್ನು ಇಲ್ಲಿಯೇ ಕಂಡು ಮಾತನಾಡಿಸಿದರು. 1983ರವರೆಗೆ ಅದು ಬದುಕಿತ್ತು. ಮೈಸೂರಿನ ಕಾಡಿನಿಂದ ಬಂದ ಆ ಜೀವಕ್ಕೆ ಮೊದಮೊದಲು ಇಲ್ಲಿಯ ಚಳಿ ಹೇಗಿತ್ತೋ, ಯಾವ ನುಡಿಗೆ ಅದು ಕಿವಿಯಾಡಿಸುತ್ತಿತ್ತೋ ಎಂದು ಯೋಚಿಸುತ್ತ ನಿಂತೆ. ಮುಚ್ಚಿದ ಬಾಗಿಲಿನ ಮುಂದೆ “ಬಾ ಮಗಾ” ಎಂದು ಮೆಲ್ಲಗೆ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಿಲ್ದಾಣದ ದಾರಿಯಲ್ಲಿ ಸುಟ್ಟ ಗೆಣಸು ಮಾರುತ್ತಿದ್ದರು. ಚಳಿಗಾಲದ ಟೋಕಿಯೊಗೆ ಅದರ ಪರಿಮಳವೇ ಗುರುತು. ಅದೂ ಹಸಿವಿನ ಮಗುವೇ. 1732ರ ಬರದಲ್ಲಿ ಪಶ್ಚಿಮ ಜಪಾನು ನರಳಿದ ಮೇಲೆ, ಆಓಕಿ ಕೊನ್ಯೋ ಎಂಬ ವಿದ್ವಾಂಸ 1735ರಲ್ಲಿ ಷೋಗುನ್ ಯೋಶಿಮುನೆಯ ಅಪ್ಪಣೆಯಂತೆ ದಕ್ಷಿಣದ ಸಾತ್ಸುಮಾದ ಗೆಣಸನ್ನು ಎಡೊ ಸೀಮೆಯಲ್ಲಿ ಬೆಳೆಸಿ ತೋರಿಸಿದ. ಜನ ಅವನನ್ನು ಗೆಣಸಿನ ಗುರುಗಳೆಂದೇ ಕರೆದರು. ಮೇಷ್ಟರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

ಒಂದು ಗೆಣಸು ಕೊಂಡು ಮುರಿದೆ. ಹಬೆ ಎದ್ದಿತು. ದೊಡ್ಡ ಹೋಳನ್ನು ಮಗಳಿಗೆ ಕೊಟ್ಟೆ. “ನ���ವು ತಿನ್ನಿ ಅಪ್ಪ, ನನಗೆ ಚಿಕ್ಕದು ಸಾಕು” ಎಂದಳು.

“ನನಗೆ ಹೊಟ್ಟೆ ತುಂಬಿದೆ” ಎಂದೆ.

ಸುಳ್ಳಲ್ಲ. ಬೆಳಗಿನಿಂದ ತಿಂದದ್ದು ಕಡಿಮೆಯೇ? ನಿಜವಾಗಿಯೂ ತುಂಬಿತ್ತು. ಅಷ್ಟರ ಮಟ್ಟಿಗಾದರೂ ನನ್ನ ಕಾಲ ಅಪ್ಪಯ್ಯನ ಕಾಲಕ್ಕಿಂತ ಒಳ್ಳೆಯದು.